ಬೆಂಕಿಯಿಲ್ಲದೆ ಕಾಯ್ದ ನೀರು

"ಗುರುಗಳೇ, ತಣ್ಣನೆಯ ಪಾತ್ರೆಯಲ್ಲೂ ಪರಮಾಣುಗಳು ಬೆಸೆದು ಶಾಖ ಹುಟ್ಟುತ್ತದೆ. ಈ ಶೀತಲ ಸಮ್ಮಿಳನದ ಬಗ್ಗೆ ನಾನು ಬರೆದ ಸಿದ್ಧಾಂತದಲ್ಲಿ ಒಂದು ತಪ್ಪೂ ಇಲ್ಲ. ಇನ್ನೂ ಪ್ರಯೋಗ ಬೇಕೇ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನ ಬರಹದ ಕಟ್ಟನ್ನು ಪಕ್ಕಕ್ಕಿಟ್ಟು ಹೇಳತೊಡಗಿದರು.

ಒಬ್ಬ ಕುಂಬಾರನಿದ್ದ. ಚಳಿಗಾಲದ ನಸುಕಿನಲ್ಲಿ ಮಣ್ಣು ಕಲಸಿ ಕಲಸಿ ಅವನ ಬೆರಳುಗಳು ಮರಗಟ್ಟುತ್ತಿದ್ದವು. ಒಂದು ಸಲ ಬೇರೆ ಕೆರೆಯ ಮಣ್ಣು ತಂದು ಅಗಲ ಬಾಯಿಯ ಬಾನಿಯೊಂದನ್ನು ಮಾಡಿ, ರಾತ್ರಿ ಅದಕ್ಕೆ ನೀರು ತುಂಬಿಟ್ಟ. ಬೆಳಗ್ಗೆ ಕೈ ಅದ್ದಿದರೆ ನೀರು ಬೆಚ್ಚಗಿತ್ತು. ಮರುದಿನವೂ ಹಾಗೇ.

ಅವನಿಗೆ ಹಿಗ್ಗೋ ಹಿಗ್ಗು. ಹಗಲಿನ ಬಿಸಿಲನ್ನು ಈ ಮಣ್ಣು ನುಂಗಿಟ್ಟುಕೊಂಡು ನಸುಕಿನಲ್ಲಿ ಬಿಟ್ಟುಕೊಡುತ್ತದೆ ಎಂದು ತರ್ಕ ಹೂಡಿದ. ಮೋಡ ಕವಿದ ದಿನವೂ ನೀರು ಬೆಚ್ಚಗಿದ್ದರೆ ಹಳೆಯ ಬಿಸಿಲು ಉಳಿದಿದೆ ಎಂದ. ಹೆಂಡತಿ ತವರಿಗೆ ಹೋಗಿದ್ದ ನಾಲ್ಕು ದಿನ ತಣ್ಣಗಿತ್ತು. ಅದು ಅಮಾವಾಸ್ಯೆಯ ಗುಣ ಎಂದ. ಮೂರು ಚಳಿಗಾಲ ಕಳೆಯುವಷ್ಟರಲ್ಲಿ ಅವನ ವಾದದಲ್ಲಿ ಎಲ್ಲಿ ಚುಚ್ಚಿದರೂ ಸೂಜಿ ಇಳಿಯದಂತಾಯಿತು.

ಒಬ್ಬ ವ್ಯಾಪಾರಿ ಬಂದ. ಬೆಟ್ಟದ ಮೇಲೆ ಬಾಣಂತಿಯರು ಉಳಿಯುವ ಛತ್ರವಿತ್ತು, ಅಲ್ಲಿ ಸೌದೆ ಸಿಗುತ್ತಿರಲಿಲ್ಲ. ಅಲ್ಲಿಗೆ ಇಂಥ ನಲವತ್ತು ಬಾನಿ ಬೇಕೆಂದ.

"ನೀವು ಹೇಳಿದ ಕಾರಣ ಚೆನ್ನಾಗಿದೆ ಯಜಮಾನರೇ. ಇವತ್ತೊಂದು ರಾತ್ರಿ ಬಾನಿ ನನ್ನ ಬಿಡಾರದಲ್ಲಿರಲಿ. ಬೀಗ ಹಾಕಿ ಕೀ ನೀವೇ ಇಟ್ಟುಕೊಳ್ಳಿ."

"ಅಂದರೆ ನನ್ನ ಮಾತಿಗೆ ಬೆಲೆ ಇಲ್ಲ."

"ನೀವೇ ಸುಟ್ಟ ಮಡಕೆಯನ್ನು ತಟ್ಟಿ ನೋಡದೆ ಕೊಡುತ್ತೀರಾ? ಇದು ಎಳೆಗೂಸಿನ ಮೈಗೆ ಹುಯ್ಯುವ ನೀರು."

ಕುಂಬಾರ ಸಿಟ್ಟಿನಲ್ಲೇ ಒಪ್ಪಿದ. ಬೆಳಗ್ಗೆ ಬೀಗ ತೆಗೆದು, ಯಾವ ಅನುಮಾನವೂ ಇಲ್ಲದೆ ಮೊಣಕೈತನಕ ಕೈ ಅದ್ದಿದ. ನೀರು ಕೊರೆಯುತ್ತಿತ್ತು. ವ್ಯಾಪಾರಿ ಕೈ ಒರೆಸಿಕೊಳ್ಳಲು ಹೆಗಲ ಮೇಲಿನ ವಸ್ತ್ರ ಕೊಟ್ಟ.

ಕುಂಬಾರ ಮನೆಗೆ ಬಂದು ಜಗಲಿಯ ಮೇಲೆ ಕುಸಿದ. ಹೆಂಡತಿಗೆ ಕೇಳದೆಯೇ ತಿಳಿಯಿತು. ಅವನ ಮರಗಟ್ಟಿದ ಕೈಗಳನ್ನು ಸೆರಗಿನಲ್ಲಿ ಸುತ್ತಿ ಹಿಡಿದಳು.

"ಬೈಬೇಡಿ. ದಿನಾ ನೀವು ಏಳೋ ಮುಂಚೆ ನಾನೇ ಬಿಸಿನೀರು ಹುಯ್ತಿದ್ದೆ, ಕೈ ನೋಯುತ್ತಲ್ಲ ಅಂತ. ಮೊದಲ ದಿನವೇ ಹೇಳೋಣ ಅಂತ ಬಂದೆ. ನೀವು ಆ ಮಣ್ಣನ್ನ ಹೊಗಳ್ತಾ ಮಗು ಥರ ನಗ್ತಾ ಇದ್ರಿ. ಬಾಯಿ ಬರಲಿಲ್ಲ."

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಪಾಪ, ಮೂರು ವರ್ಷದ ಸಿದ್ಧಾಂತ ಒಂದೇ ರಾತ್ರಿಗೆ ಮಣ್ಣುಪಾಲಾಯಿತಲ್ಲ" ಎಂದ ಶಿಷ್ಯ.

"ಆ ಒಂದು ರಾತ್ರಿ ಇಲ್ಲದಿದ್ದರೆ ಅವನು ಸಾಯುವ ತನಕ ಬಾನಿಗೇ ಕೈ ಮುಗಿಯುತ್ತಿದ್ದ" ಎಂದರು ಗುರುಗಳು.