ಬುಟ್ಟಿಯೊಳಗಿನ ಸಿಕ್ಕು

ಹೂ ಮಾರುವ ಸಿದ್ದವ್ವನ ಬುಟ್ಟಿಯಲ್ಲಿ ಚಾರ್ಜರ್ ವೈರೂ ಇಯರ್‌ಫೋನ್ ವೈರೂ ಸಿಕ್ಕುಬಿದ್ದಿದ್ದವು. "ನನ್ನ ಬಿಡು!" ಎಂದು ಒಂದು ಎಳೆದರೆ, "ಮೊದಲು ನೀನು ಬಿಡು!" ಎಂದು ಇನ್ನೊಂದು ಜಗ್ಗುತ್ತಿತ್ತು. ಗಂಟು ಬಿಗಿಯಾಗುತ್ತಲೇ ಹೋಯಿತು. ರೋಸಿಹೋದ ಸಿದ್ದವ್ವ ಕತ್ತರಿ ತರಲು ಎದ್ದಳು.

ಹೆದರಿದ ವೈರುಗಳು ಹೂ ಕಟ್ಟುವ ದಾರದ ಉಂಡೆಯನ್ನು ಕೇಳಿದವು: "ನಮಗಿಂತ ಎಷ್ಟೋ ಉದ್ದವಿದ್ದೀಯೆ. ನಿನಗೇಕೆ ಗಂಟಿಲ್ಲ?"

"ಕೆಲಸ ಮುಗಿದೊಡನೆ ಆಕೆ ನನ್ನನ್ನು ಸುತ್ತಿಡುತ್ತಾಳೆ, ನಿಮ್ಮನ್ನು ತುರುಕಿಡುತ್ತಾಳೆ. ಅದು ಆಕೆಯ ತಪ್ಪು. ಎಳೆದಾಡುವುದು ನಿಮ್ಮದು. ಸ್ವಲ್ಪ ಸಡಿಲಬಿಡಿ."

ಎರಡೂ ಮೈ ಸಡಿಲಬಿಟ್ಟವು. ಕತ್ತರಿ ಹಿಡಿದು ಬಂದ ಸಿದ್ದವ್ವನ ಉಗುರು ತಾಕಿದ್ದೇ ತಡ, ಗಂಟು ಬಿಚ್ಚಿಕೊಂಡಿತು. ಆಕೆ ಕತ್ತರಿ ಬದಿಗಿಟ್ಟು, ವೈರುಗಳನ್ನು ದಾರದಂತೆಯೇ ಬೇರೆಬೇರೆಯಾಗಿ ಸುತ್ತಿ ಉಂಡೆಯ ಪಕ್ಕದಲ್ಲಿಟ್ಟಳು.

"ಗಂಟು ಹಾಕೂದಿದ್ರ ಹೂವಿಗೆ ಹಾಕ್ತೀನಿ," ಎಂದಳು. "ನಿಮಗ್ಯಾಕ ಹಾಕ್ಲಿ?"