ಅಳತೆಗೆ ಕೊಟ್ಟ ಕೋಟು

"ಗುರುಗಳೇ, ನನಗೆ ತಕ್ಕ ಗುರು ಎಲ್ಲಿಯೂ ಯಾಕೆ ಸಿಗುತ್ತಿಲ್ಲ?" ಎಂದು ಮುರಿಗೆಪ್ಪ ಕೇಳಿದ.

ಅವನು ಈ ಗುರುಗಳ ಮಠಕ್ಕೆ ಬಂದು ಮೂರು ತಿಂಗಳಾಗಿತ್ತು. ಮರುದಿನ ಹೊರಡುವವನಿದ್ದ. ಅದಕ್ಕೂ ಮೊದಲು ನಾಲ್ಕು ಕಡೆ ಇದ್ದು, ನಾಲ್ಕು ಕಡೆಯಿಂದಲೂ ಹೀಗೆಯೇ ಹೊರಟು ಬಂದಿದ್ದ. ತೀರಿಕೊಂಡ ತನ್ನ ಮೊದಲ ಗುರುಗಳ ಮಾತುಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದ. ಬೇರೆ ಯಾರು ಏನು ಹೇಳಿದರೂ ಪುಸ್ತಕ ತೆರೆದು ನೋಡುತ್ತಿದ್ದ. ಹೊಂದದಿದ್ದರೆ ಮೂಗು ಮುರಿಯುತ್ತಿದ್ದ.

ಮಠದ ಗುರುಗಳಿಗೆ ಎಂಬತ್ತು ದಾಟಿತ್ತು. ಅವರು ನಕ್ಕರು. "ಗುರುವಿನ ಎದುರೇ ಕೂತು ಈ ಪ್ರಶ್ನೆ ಕೇಳುವ ಧೈರ್ಯ ನಿನಗೊಬ್ಬನಿಗೇ ಬಂತು ನೋಡು. ಇರಲಿ, ಹೊರಡುವ ಮುಂಚೆ ಒಂದು ಕತೆ ಕೇಳು" ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಹೆಂಗಸು ಇದ್ದಳು. ಅವಳದು ಒಣಮೆಣಸಿನಕಾಯಿಯ ವ್ಯಾಪಾರ. ತಂದೆ ತೀರಿಕೊಂಡಾಗ ಪುಣೆಯ ಕಚೇರಿ ಕೆಲಸ ಬಿಟ್ಟು ಬಂದು ಅಂಗಡಿ ಹಿಡಿದವಳು. ಹದಿನಾರು ವರ್ಷ ಚೀಲ ಎಳೆದು, ಕಾಯಿ ಮುರಿದು, ಘಾಟು ಕುಡಿದು ಪಳಗಿದ್ದಳು. ಆದರೆ ದೊಡ್ಡ ಊರಿನ ಖರೀದಿದಾರರು ಬಂದರೆ ಅವಳ ಮುಖ ನೋಡುತ್ತಿರಲಿಲ್ಲ. ದರ ಹೇಳುವವಳು ಅವಳು. ಅವರು ತಲೆಯಾಡಿಸುವುದು ಪಕ್ಕದಲ್ಲಿ ನಿಂತ ಗುಮಾಸ್ತನ ಕಡೆಗೆ. ಇದು ಅವಳನ್ನು ಮುಳ್ಳಿನಂತೆ ಚುಚ್ಚುತ್ತಿತ್ತು.

ಒಂದು ವರ್ಷ ಒಂದು ದೊಡ್ಡ ಕಂಪನಿ ತನಗೆ ಬೇಕಾದ ಮಾಲನ್ನೆಲ್ಲ ಒಬ್ಬರೇ ವ್ಯಾಪಾರಿಯಿಂದ ಕೊಳ್ಳುವುದಾಗಿ ಹೇಳಿ, ನಾಲ್ಕೈದು ಜನರನ್ನು ಮಾತುಕತೆಗೆ ಕರೆಯಿತು. ಅವಳಿಗೂ ಕರೆ ಬಂತು. ಇದು ಕೈಗೂಡಿದರೆ ತಂದೆಯ ಅಂಗಡಿ ಉಳಿಯುತ್ತಿತ್ತು. ಇಲ್ಲವಾದರೆ ಬಾಗಿಲು ಹಾಕಬೇಕಿತ್ತು. ಈ ಸಲ ಖರೀದಿದಾರರ ಹಾಗೆಯೇ ಕೋಟು ಪ್ಯಾಂಟು ತೊಟ್ಟು, ಅವರೆದುರು ಸರಿಸಮನಾಗಿ ಕೂರಬೇಕೆಂದು ಅವಳು ಹಟ ತೊಟ್ಟಳು. ಅಂಗಡಿಯಲ್ಲಿ ಸಿಗುವ ಸಿದ್ಧ ಕೋಟು ಒಂದೂ ಅವಳಿಗೆ ಆಗಲಿಲ್ಲ. ಹೊಲಿಸುವುದೇ ಸರಿ ಎಂದುಕೊಂಡಳು.

ನಮ್ಮ ಕಡೆ ಹೆಂಗಸರು ದರ್ಜಿಯ ಎದುರು ಅಳತೆಗೆ ನಿಲ್ಲುವುದು ಕಡಿಮೆ. ಮೈಗೆ ಸರಿಯಾಗಿ ಕೂರುವ ಹಳೆಯ ಬಟ್ಟೆಯೊಂದನ್ನು ಅಳತೆಗೆಂದು ಕೊಟ್ಟು ಬರುತ್ತಾರೆ. ದರ್ಜಿ ಅದನ್ನು ಹಾಸಿ, ಅದರ ಪ್ರಕಾರ ಹೊಸತನ್ನು ಕತ್ತರಿಸುತ್ತಾನೆ. ಈ ಹೆಂಗಸಿನ ಪೆಟ್ಟಿಗೆಯಲ್ಲಿ ಒಂದು ಕೋಟಿತ್ತು. ಪುಣೆಯಲ್ಲಿ ಕೆಲಸಕ್ಕೆ ಸೇರಿದಾಗ ಅಲ್ಲಿಯ ದರ್ಜಿಯೊಬ್ಬ ಹೊಲಿದುಕೊಟ್ಟದ್ದು. ಅದನ್ನು ತೊಟ್ಟು ಹೋದ ದಿನ ಕಚೇರಿಯವರೆಲ್ಲ ತಿರುಗಿ ನೋಡಿದ್ದರು. ಊರಿಗೆ ಬಂದ ಮೇಲೆ ಅವಳು ಅದನ್ನು ತೊಟ್ಟಿರಲಿಲ್ಲ. ನುಸಿಗುಳಿಗೆ ಹಾಕಿ ಜೋಪಾನವಾಗಿ ಇಟ್ಟಿದ್ದಳು.

ಆ ಕೋಟನ್ನು ಅವಳು ಮೊದಲು ರವಿಕೆ ಹೊಲಿಯುವ ದರ್ಜಿಗೆ ಕೊಟ್ಟಳು. ಹೊಸ ಕೋಟು ಕಂಕುಳಲ್ಲಿ ಕಚ್ಚಿತು. ಮದುವೆಗಂಡುಗಳ ಕೋಟು ಹೊಲಿಯುವವನಿಗೆ ಕೊಟ್ಟಳು. ಅದು ಬೆನ್ನಲ್ಲಿ ಬಿಗಿಯಿತು. ಮೂರನೆಯವನದು ಗುಂಡಿಯೇ ಸೇರಲಿಲ್ಲ. "ಕಣ್ಣೆದುರಿಗೆ ಅಳತಿ ಇಟ್ಟರೂ ಹೊಲ್ಯಾಕ ಬರೂದಿಲ್ಲ. ಈ ಊರಾಗ ಕೈ ಇದ್ದ ದರ್ಜಿ ಒಬ್ಬನೂ ಇಲ್ಲ" ಎಂದು ಎಲ್ಲರೆದುರು ಬೈದಳು. ಮೂವರೂ ಬೈಸಿಕೊಂಡರು. ಪಾಪ, ಮೂವರೂ ಅಳತೆಗೆ ಸರಿಯಾಗಿಯೇ ಹೊಲಿದಿದ್ದರು.

ಆಗ ಅವಳು ಒಬ್ಬ ವಕೀಲೆಯ ಕೋಟನ್ನು ಕಂಡಳು. ನೋಡಿದರೆ ಕೈಯೆತ್ತಿ ಮುಗಿಯಬೇಕು, ಹಾಗೆ ಕೂತಿತ್ತು. ವಿಚಾರಿಸಿದಾಗ, ಹತ್ತಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಒಬ್ಬ ವಯಸ್ಸಾದ ದರ್ಜಿ ಇದ್ದಾನೆಂದು ಗೊತ್ತಾಯಿತು. ಅವಳು ಅಲ್ಲಿಗೆ ಹೋದಳು. ಸಣ್ಣ ಅಂಗಡಿ, ನಡುವೆ ಒಂದು ಪರದೆ. ಪರದೆಯ ಆಚೆ ದರ್ಜಿಯ ಹೆಂಡತಿ ಹೆಂಗಸರ ಅಳತೆ ತೆಗೆದು ಕೂಗಿ ಹೇಳುತ್ತಿದ್ದಳು. ಈಚೆ ಕೂತ ದರ್ಜಿ ಬರೆದುಕೊಳ್ಳುತ್ತಿದ್ದ.

ದರ್ಜಿ ಅವಳ ಹಳೆಯ ಕೋಟನ್ನು ತಿರುವಿ ತಿರುವಿ ನೋಡಿ, "ಭಾಳ ಛಲೋ ಹೊಲದಾರ, ತಾಯಿ. ಆದ್ರ ಇದು ಈಗಿನ ನಿಮ್ಮ ಅಳತಿ ಅಲ್ಲ. ಒಂದೀಟು ಒಳಗ ನಿಂದರ್ರಿ, ನನ್ನ ಹೆಂಡತಿ ನೋಡ್ತಾಳ" ಎಂದ.

ಪರದೆ ಸರಿಸಿ ಬಂದ ಮುದುಕಿ ಅವಳ ಹೆಗಲ ಮೇಲೆ ಅಂಗೈ ಇಟ್ಟಳು. "ಬಲಗಡೆ ಹೆಗಲು ಇಳದೈತ್ರಿ, ಅಕ್ಕಾರ. ಬೆನ್ನೂ ಅಗಲ ಆಗೇತಿ. ಭಾಳ ದುಡದೀರಿ" ಎಂದಳು.

ಮುದುಕಿ ಪ್ರೀತಿಯಿಂದಲೇ ಹೇಳಿದ್ದಳು. ವ್ಯಾಪಾರಿಗೆ ಮಾತ್ರ ಕೆನ್ನೆಗೆ ಹೊಡೆದಂತಾಯಿತು. ಹೆಗಲು ಕೊಡವಿಕೊಂಡಳು. "ನನ್ನ ಹೆಗಲು ನೆಟ್ಟಗ ಐತಿ. ಅಳತಿ ಕೋಟು ಕೊಟ್ಟೇನಿ, ಅದನ್ನ ನೋಡಿ ಹೊಲಿಯೂದಾದ್ರ ಹೊಲೀರಿ, ಇಲ್ಲಂದ್ರ ಬಿಡ್ರಿ" ಎಂದಳು.

"ಕೋಟು ನೋಡಿ ಹೊಲಿದ್ರ ಕೋಟಿಗೆ ಹೊಲಿದಂಗ ಆಗ್ತೈತಿ, ತಾಯಿ. ನಿಮಗ ಹೊಲಿದಂಗ ಆಗೂದಿಲ್ಲ" ಎಂದು ದರ್ಜಿ ಕೋಟನ್ನು ಮಡಚಿ ಕೊಟ್ಟ. ಅವಳು ಅದನ್ನು ಕಿತ್ತುಕೊಂಡು ಹೊರಟಳು. ಇನ್ನೊಂದು ಕಡೆ ಅದೇ ಅಳತೆ ಕೊಟ್ಟು ಹೊಲಿಸಿದಳು.

ಮಾತುಕತೆಯ ದಿನ ಬಂತು. ಬೇರೆ ದಾರಿಯಿಲ್ಲದೆ ಆ ಬಿಗಿ ಕೋಟನ್ನೇ ತೊಟ್ಟು ಹೋದಳು. ದೊಡ್ಡ ಮೇಜಿನ ಸುತ್ತ ಖರೀದಿದಾರರು ಕೂತಿದ್ದರು. ಈ ಸಲ ಎಲ್ಲರೂ ಅವಳ ಮುಖವನ್ನೇ ನೋಡಿದರು. ಅವಳು ಮಾಲಿನ ಬಗ್ಗೆ ಹೇಳಲು ನಿಂತಳು. ಕೈ ಚಾಚಿದರೆ ತೋಳು ಹಿಡಿಯಿತು. ಉಸಿರು ಎಳೆದರೆ ಗುಂಡಿ ಜಗ್ಗಿತು. ಎಲ್ಲಿ ಹೊಲಿಗೆ ಬಿಡುತ್ತದೋ ಎಂದು ಮನಸ್ಸೆಲ್ಲ ಬೆನ್ನಿನ ಮೇಲೇ ಇತ್ತು. ಕಣ್ಣು ಮುಚ್ಚಿ ಘಾಟಿನ ಮೇಲೆ ಕಾಯಿಯ ಊರು ಹೇಳಬಲ್ಲವಳು, ಅಂದು ಕೇಳಿದ್ದಕ್ಕೆ ತಡವರಿಸಿದಳು. ನೋಡಿದವರು ಇವಳಿಗೆ ಕೆಲಸ ಗೊತ್ತಿಲ್ಲ ಎಂದುಕೊಂಡರು. ವ್ಯಾಪಾರ ಬೇರೆಯವರ ಪಾಲಾಯಿತು.

ಮನೆಗೆ ಬಂದು ಅವಳು ಪೆಟ್ಟಿಗೆಯಿಂದ ಹಳೆಯ ಕೋಟು ತೆಗೆದಳು. ಹದಿನಾರು ವರ್ಷದಲ್ಲಿ ಮೊದಲ ಸಲ ತೊಡಲು ಹೋದಳು. ಕೈ ಮೊಳಕೈಯಿಂದ ಮೇಲಕ್ಕೆ ಏರಲಿಲ್ಲ. ಅವಳು ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಹೋದ ವ್ಯಾಪಾರಕ್ಕಿಂತ ಹೆಚ್ಚಾಗಿ, ಹೆಗಲ ಮೇಲೆ ಕೈಯಿಟ್ಟ ಆ ಮುದುಕಿಯನ್ನು ನೆನೆದು ಅತ್ತಳು. ಇಷ್ಟು ವರ್ಷದಲ್ಲಿ ತನ್ನ ದುಡಿಮೆಯನ್ನು ಕಂಡು ಹೇಳಿದವಳು ಆ ಮುದುಕಿಯೊಬ್ಬಳೇ.

ನಾಚಿಕೆ ಅವಳನ್ನು ನಾಲ್ಕು ತಿಂಗಳು ತಡೆಯಿತು. ಅಷ್ಟರಲ್ಲಿ ಅಂಗಡಿಯ ಅರ್ಧ ಭಾಗ ಬೇರೆಯವರ ಕೈಗೆ ಹೋಗಿತ್ತು. ಕೊನೆಗೆ ಗಟ್ಟಿ ಮನಸ್ಸು ಮಾಡಿ, ಬರಿಗೈಯಲ್ಲಿ ಆ ಓಣಿಗೆ ಹೋದಳು. ದರ್ಜಿ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದ. ಅಂಗಡಿಯ ನಡುವೆ ಪರದೆ ಇರಲಿಲ್ಲ.

"ಅಳತಿಗೆ ನಿಂದರಾಕ ಬಂದೇನ್ರಿ" ಎಂದಳು.

ದರ್ಜಿ ಯಂತ್ರ ನಿಲ್ಲಿಸಿದ. ಹೆಂಡತಿ ತೀರಿಹೋಗಿ ಎರಡು ತಿಂಗಳಾಯಿತೆಂದು ಹೇಳಿದ. ವ್ಯಾಪಾರಿ ತನ್ನ ಅಕ್ಕನನ್ನು ಕರೆತರುತ್ತೇನೆ, ಅವಳು ಟೇಪು ಹಿಡಿಯುತ್ತಾಳೆ ಎಂದು ಅಂಗಲಾಚಿದಳು.

"ಟೇಪು ಯಾರರ ಹಿಡೀತಾರ, ತಾಯಿ. ಮನಿಷ್ಯಾರನ್ನ ನೋಡಿ ಅಳತಿ ಹೇಳ್ತಿದ್ದಾಕಿ ಅಕಿ. ಅಕಿ ಹೇಳಿದಂಗ ನಾ ಬರೇ ಕತ್ತರಿ ಆಡಸ್ತಿದ್ದೆ. ಊರ ಮಂದಿ ನನ್ನ ಕೈ ದೊಡ್ಡದು ಅಂತಿದ್ರು" ಎಂದು ಹೇಳಿ ದರ್ಜಿ ಮತ್ತೆ ಸಮವಸ್ತ್ರಕ್ಕೆ ಕೈ ಹಚ್ಚಿದ. ಅವಳು ಬಂದ ಹಾಗೆಯೇ ಹೊರಟುಹೋದಳು.

ಗುರುಗಳು ಕತೆ ನಿಲ್ಲಿಸಿದರು.

ಮುರಿಗೆಪ್ಪ ನಿಟ್ಟುಸಿರು ಬಿಟ್ಟ. "ಅಯ್ಯೋ, ಎಂಥ ಹೆಂಗಸು! ಆ ದಿನ ಒಂದು ಗಳಿಗೆ ಸುಮ್ಮನೆ ನಿಂತಿದ್ದರೆ ಸಾಕಿತ್ತಲ್ಲ, ಗುರುಗಳೇ" ಎಂದ.

"ಮೂರು ತಿಂಗಳಿಂದ ನೀನು ಆ ಪುಸ್ತಕ ಹಿಡಿದು ನನ್ನನ್ನು ಅಳೆಯುತ್ತಲೇ ಇದ್ದೀಯ, ಮುರಿಗೆಪ್ಪ; ನಾನು ಇರುವಾಗಲೇ ನೀನೂ ಒಂದು ಗಳಿಗೆ ಅಳತೆಗೆ ನಿಲ್ಲಬಾರದೇ?" ಎಂದರು ಗುರುಗಳು.