ಪಾತ್ರೆ ಅಂಗಡಿಯ ಯಂತ್ರ

"ಗುರುಗಳೇ, ಮಠಕ್ಕೆ ಬಂದವರನ್ನು ವಿಚಾರಿಸಲು ಭಕ್ತರೊಬ್ಬರು ಯಂತ್ರಮಾನವನನ್ನು ಕೊಡುತ್ತಾರಂತೆ. ಜನ ಅದನ್ನು ಒಪ್ಪುತ್ತಾರೆಯೇ?" ಎಂದು ಚೆನ್ನಮಲ್ಲ ಕೇಳಿದ. ಬಾಗಿಲಲ್ಲಿ ಕುಳಿತು ಬಂದವರನ್ನು ವಿಚಾರಿಸುವುದು ಅವನ ಕೆಲಸವಾಗಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿಯಿದ್ದ. ಅವನ ಸರಕು ಒಳ್ಳೆಯದು, ನಾಲಿಗೆ ಕೆಟ್ಟದ್ದು. ಗಿರಾಕಿ ಎರಡನೆಯ ಮಾತು ಆಡಿದರೆ ಮೈಯೆಲ್ಲ ಉರಿಯುತ್ತಿತ್ತು. "ಬೇಕಾದರೆ ತಗೊಳ್ಳಿ, ಇಲ್ಲದಿದ್ದರೆ ದಾರಿ ಬಿಡಿ" ಎನ್ನುತ್ತಿದ್ದ. ಜನ ಬರುವುದು ನಿಂತಿತು. ಆಗ ಅವನು ಮನುಷ್ಯಾಕಾರದ ಒಂದು ಯಂತ್ರ ತರಿಸಿದ. ಅದಕ್ಕೆ ನಗುವ ಮುಖವಾಡ, ಉದ್ದನೆಯ ನಿಲುವಂಗಿ. "ಇದಕ್ಕೆ ದಣಿವಿಲ್ಲ, ಸಿಟ್ಟಿಲ್ಲ, ಎಂದೂ ಕೆಡುವುದಿಲ್ಲ" ಎಂದು ಊರಿಗೆಲ್ಲ ಸಾರಿದ.

ಮೂರನೆಯ ದಿನವೇ ಅದು ಕೆಟ್ಟಿತು. ಊರವರು ನಕ್ಕಾರೆಂದು ವ್ಯಾಪಾರಿ ಅದನ್ನು ಗುಟ್ಟಾಗಿ ದುರಸ್ತಿಗೆ ಕಳುಹಿಸಿದ. ಮುಖವಾಡ, ನಿಲುವಂಗಿ ತಾನೇ ಧರಿಸಿ ಅದರ ಜಾಗದಲ್ಲಿ ಕುಳಿತ.

ಒಬ್ಬ ಮುದುಕಿ ಬಂದಳು. ಅವಳ ದೊಡ್ಡ ಪಾತ್ರೆಗೆ ಒಂದು ಮುಚ್ಚಳ ಬೇಕಾಗಿತ್ತು. ಮನೆ ಪಾಲಾದಾಗ ಪಾತ್ರೆ ಅವಳಿಗೆ ಬಂತು, ಮುಚ್ಚಳ ಕಿರಿಯ ಸೊಸೆಗೆ ಹೋಯಿತು. ಅದು ಹೇಗೆ ಹೋಯಿತೆಂದು ಮೊದಲಿನಿಂದ ಹೇಳತೊಡಗಿದಳು. ವ್ಯಾಪಾರಿಗೆ ಸಿಟ್ಟು ನೆತ್ತಿಗೇರಿತು. ಆದರೆ ಯಂತ್ರಕ್ಕೆ ಸಿಟ್ಟಿಲ್ಲವೆಂದು ಸಾರಿದವನು ಅವನೇ. ಹಲ್ಲು ಕಚ್ಚಿಕೊಂಡು ಕೇಳಿದ. ಅರ್ಧ ಗಂಟೆ ಕೇಳಿದ. ಕೇಳುತ್ತ ಕೇಳುತ್ತ ಹಲ್ಲು ಯಾವಾಗ ಸಡಿಲವಾಯಿತೋ ಅವನಿಗೂ ತಿಳಿಯಲಿಲ್ಲ.

"ಈಗ ಎಷ್ಟು ಜನಕ್ಕೆ ಅಡುಗೆ, ಅಮ್ಮಾ?" ಎಂದ.

"ನಾನು, ನನ್ನ ತಂಗಿ. ಇಬ್ಬರೇ ಕಣಪ್ಪಾ."

"ಹಾಗಾದರೆ ಮುಚ್ಚಳ ಬೇಡ. ಈ ಚಿಕ್ಕ ಪಾತ್ರೆ ಸಾಕು. ಮುಚ್ಚಳ ಸೊಸೆಯ ಹತ್ತಿರವೇ ಇರಲಿ ಬಿಡಿ."

ಮುದುಕಿ ಹಿಗ್ಗಿ ಅವನ ಕೈ ಹಿಡಿದಳು. ಸೆಕೆಗೆ ಕೈ ಬೆವರಿತ್ತು. "ಅಯ್ಯೋ, ಪಾಪ! ಎಲ್ಲೋ ನೀರು ಸೋರುತ್ತಿದೆ. ನಿನ್ನ ಯಜಮಾನನಿಗೆ ಹೇಳಿ ಸರಿಮಾಡಿಸಿಕೋ. ಆ ಮುಂಗೋಪಿ ಮಾಡಿಸುವುದು ಅನುಮಾನವೇ" ಎಂದು ಹೊರಟಳು.

ಮರುದಿನ ಅಂಗಡಿಯ ಮುಂದೆ ಊರೇ ನೆರೆಯಿತು. ಮನುಷ್ಯರಿಗಿಂತ ಯಂತ್ರವೇ ವಾಸಿ ಎಂದು ಎಲ್ಲರೂ ಕೊಂಡಾಡಿದರು. ವ್ಯಾಪಾರಿ ಮುಖವಾಡದೊಳಗೆ ಬೆವರುತ್ತ ಹದಿನೈದು ದಿನ ಕುಳಿತ. ಮನೆಗೆ ಹೋದ ಮೇಲೂ ಹೆಂಡತಿಯ ಮಾತನ್ನು ಕೊನೆಯವರೆಗೆ ಕೇಳಿದ. ಅವಳು ಹೆದರಿ ವೈದ್ಯರನ್ನು ಕರೆಸಿದಳು.

ಆಮೇಲೆ ನಿಜವಾದ ಯಂತ್ರ ದುರಸ್ತಿಯಾಗಿ ಬಂತು. ವ್ಯಾಪಾರಿ ಉಸ್ಸೆಂದು ಮುಖವಾಡ, ನಿಲುವಂಗಿ ಅದಕ್ಕೆ ತೊಡಿಸಿ ತನ್ನ ಜಾಗದಲ್ಲಿ ಕೂರಿಸಿದ. ಅದು ಪ್ರತಿಯೊಬ್ಬರಿಗೂ ನಮಸ್ಕಾರ ಹೇಳಿತು, ಬೆಲೆ ಹೇಳಿತು, ಅವರ ಮಾತು ಮುಗಿಯುವ ಮೊದಲೇ "ಮುಂದಿನವರು ಬನ್ನಿ" ಎಂದಿತು. ಸಂಜೆಯೊಳಗೆ ಜನ ರೇಗಿದರು.

"ಮೋಸ! ಯಂತ್ರವನ್ನು ತೆಗೆದು ಮುಖವಾಡದೊಳಗೆ ಯಜಮಾನನೇ ಕುಳಿತಿದ್ದಾನೆ!"

ಚೆನ್ನಮಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಾಗಾದರೆ ಗುರುಗಳೇ, ಜನ ಒಪ್ಪಿದ್ದು ಯಂತ್ರವನ್ನೋ, ಮನುಷ್ಯನನ್ನೋ?"

ಗುರುಗಳು ಹೇಳಿದರು: "ಬಾಗಿಲಲ್ಲಿ ಆಗಿನಿಂದ ಯಾರೋ ಒಬ್ಬರು ನಿಂತು ನಿನ್ನನ್ನೇ ಕಾಯುತ್ತಿದ್ದಾರೆ, ಅವರನ್ನು ಕೇಳು."